ವಿದ್ಯೆ ಹತ್ತದ ಹುಡುಗನೆಂದು ಶಾಲೆ ಬಿಡಿಸಬೇಡಿರಿ

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಹೈದರಾಬಾದಿಗೆ ಬಂದು, ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಕಾಗದಪತ್ರಗಳ ನಡುವೆಯೋ ದಿನ ಕಳೆಯುವ ನಮ್ಮವರಿಗೆ ದೊಡ್ಡ ಆಸೆಯೊಂದಿದೆ. ತಮ್ಮ ಮಕ್ಕಳಾದರೂ ನಾಲ್ಕಕ್ಷರ ಕಲಿತು ಮುಂದೆ ಬರಲಿ ಎಂಬುದೇ ಅದು. ಅದಕ್ಕಾಗಿ ಹೊಟ್ಟೆಬಟ್ಟೆ ಕಟ್ಟಿ ಫೀಸು ತೆರುವವರನ್ನು ನಾವು ದಿನವೂ ನೋಡುತ್ತೇವೆ. ಅಮೀರ್‌ಪೇಟ್ ಅಂತೂ ವಿದ್ಯೆಯ ಸಂತೆಯೇ ಸರಿ. ಮೈತ್ರಿವನದ ಸುತ್ತಮುತ್ತ ಕಂಪ್ಯೂಟರ್ ಕಲಿಸುವ ಸಂಸ್ಥೆಗಳ ಫಲಕಗಳು ಒಂದರ ಮೇಲೊಂದು ಏರಿ ನಿಂತಿವೆ. ದೂರದೂರದ ಊರುಗಳಿಂದ ತರುಣರು ಗುಂಪುಗುಂಪಾಗಿ ಬಂದು ಇಳಿಯುತ್ತಾರೆ. ಅದೇ ಬೀದಿಯ ಹಿಂದಿನ ಓಣಿಯಲ್ಲಿ, ಎರಡು ಕೋಣೆಯ ಬಿಡಾರದಲ್ಲಿ, ಮೂರನೆಯ ತರಗತಿಗೆ ಬಂದರೂ ‘ಕಮಲ’ ಎಂಬ ಮೂರಕ್ಷರವನ್ನು ಕೂಡಿಸಿ ಓದಲಾರದ ಹುಡುಗನೊಬ್ಬನಿದ್ದರೆ ಆ ಮನೆಯ ದುಃಖ ಮಾತ್ರ ಯಾವ ಫಲಕದ ಮೇಲೂ ಕಾಣುವುದಿಲ್ಲ.

ಇಂಥ ಹುಡುಗನ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುವುದುಂಟು. ‘ಇವನಿಗೆ ಸೋಮಾರಿತನ, ನಾಲ್ಕು ಬಿಗಿದರೆ ಸರಿಹೋಗುತ್ತಾನೆ’ ಎಂಬುದು ಮೊದಲನೆಯದು. ‘ಇವನ ಹಣೆಯಲ್ಲಿ ವಿದ್ಯೆ ಬರೆದಿಲ್ಲ, ಊರಿಗೆ ಕಳಿಸೋಣ, ಇಲ್ಲವೇ ಯಾವುದಾದರೊಂದು ಹೋಟೆಲಿಗೆ ಸೇರಿಸೋಣ’ ಎಂಬುದು ಎರಡನೆಯದು. ಈ ಎರಡೂ ತೀರ್ಮಾನಗಳು ತಪ್ಪೆಂದು ತೋರಿಸಿ, ಅಂಥ ಮಗುವಿಗೆ ಓದು ಬರಹ ಲೆಕ್ಕಗಳ ಮೊದಲ ಮೆಟ್ಟಿಲನ್ನು ಮನೆಯಲ್ಲಿಯೇ ಹೇಗೆ ಹತ್ತಿಸಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇದು ದಡ್ಡತನವಲ್ಲ

ಬುದ್ಧಿ ಚುರುಕಾಗಿದ್ದು, ಕಣ್ಣು ಕಿವಿ ಸರಿಯಾಗಿದ್ದು, ಶಾಲೆಗೆ ತಪ್ಪದೆ ಹೋಗುತ್ತಿದ್ದರೂ, ಅಕ್ಷರಕ್ಕೂ ಅದರ ಧ್ವನಿಗೂ ಗಂಟು ಬೀಳದೆ ಒದ್ದಾಡುವ ಸ್ಥಿತಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ನಮ್ಮ ಕಾನೂನಿನ ಭಾಷೆಯಲ್ಲಿ ಇದು ‘ನಿರ್ದಿಷ್ಟ ಕಲಿಕಾ ನ್ಯೂನತೆ’ಗಳಲ್ಲಿ ಒಂದು. ಕೇವಲ ಅಂಕೆಸಂಖ್ಯೆಗಳಲ್ಲಿ ಇದೇ ಬಗೆಯ ತೊಡಕಿದ್ದರೆ ಅದನ್ನು ಡಿಸ್ಕ್ಯಾಲ್ಕುಲಿಯಾ ಎನ್ನುತ್ತಾರೆ. ಎರಡೂ ಕೂಡಿರುವ ಮಕ್ಕಳೂ ಉಂಟು. ಇದು ಅಂಟುವ ರೋಗವಲ್ಲ. ಔಷಧಿಯಿಂದ ಹೋಗುವಂಥದೂ ಅಲ್ಲ. ಮನೆತನದಲ್ಲಿ ಹರಿದುಬರುವುದು ಹೆಚ್ಚು. ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಈ ತೊಡಕು ಇರಬಹುದೆಂದು ತಜ್ಞರ ಸಾಮಾನ್ಯ ಅಂದಾಜು. ಎಂದ ಮೇಲೆ ನಲವತ್ತು ಮಕ್ಕಳ ತರಗತಿಯಲ್ಲಿ ಇಂಥವರು ಎರಡು ಮೂರು ಜನ ಇದ್ದರೆ ಆಶ್ಚರ್ಯವಿಲ್ಲ.

ಈ ತೊಡಕನ್ನು ಲೋಕ ಗುರುತಿಸಿ ನೂರು ವರ್ಷಗಳ ಮೇಲಾಯಿತು. ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ಎಂಬವರು 1887ರಲ್ಲಿ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಬಳಕೆಗೆ ತಂದರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬವರು ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ವೃತ್ತಾಂತವನ್ನು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಹುಡುಗ ಚುರುಕು, ಆಟದಲ್ಲಿ ಮುಂದು. ಏಳನೆಯ ವಯಸ್ಸಿನಿಂದ ಪಾಠ ಹೇಳಿಸಿಕೊಂಡಿದ್ದರೂ ಓದು ಮಾತ್ರ ಬಾರದು. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ ಬರೆದಿದ್ದನು. ಅದೇ ಹುಡುಗ 749ನ್ನು 867ರಿಂದ ಗುಣಿಸೆಂದರೆ ಥಟ್ಟನೆ, ತಪ್ಪಿಲ್ಲದೆ ಗುಣಿಸಿದನು. ಉತ್ತರ 649383. ನಮ್ಮಲ್ಲಿ ಎಷ್ಟು ಜನ ಕಾಗದದ ಮೇಲಾದರೂ ಇದನ್ನು ಒಂದೇ ಸಲಕ್ಕೆ ಸರಿಯಾಗಿ ಮಾಡಿಯೇವು? ಪಾಠವೆಲ್ಲ ಬಾಯಿಂದಲೇ ನಡೆಯುವುದಾದರೆ ಇವನೇ ಶಾಲೆಯಲ್ಲಿ ಎಲ್ಲರಿಗಿಂತ ಜಾಣನಾದಾನು ಎಂಬುದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು.

ಹೋಟೆಲಿನಲ್ಲಿ ದುಡಿದವರಿಗೆ ಈ ಮಾತು ಹೊಸದೆನಿಸದು. ಎಂಟು ಮೇಜಿನ ಗಿರಾಕಿಗಳು ಹೇಳಿದ ತಿಂಡಿಯನ್ನೆಲ್ಲ ಒಂದೂ ಬರೆದುಕೊಳ್ಳದೆ ನೆನಪಿನಲ್ಲಿಟ್ಟು, ಭಟ್ಟರಿಗೆ ಕೂಗಿ ಹೇಳಿ, ಯಾರ ಮುಂದೆ ಯಾವುದನ್ನಿಡಬೇಕೋ ಅದನ್ನೇ ಇಟ್ಟು, ಎದ್ದು ಹೋಗುವಾಗ ಗಲ್ಲಾದವರಿಗೆ ಮೊತ್ತವನ್ನೂ ಕೂಗಿಬಿಡುವ ಸಪ್ಲೈಯರುಗಳಿದ್ದಾರೆ. ಒಂದು ಚೀಟಿ ಬರೆಯಿರೆಂದರೆ ಅವರಲ್ಲಿ ಕೆಲವರ ಕೈ ನಡುಗುತ್ತದೆ. ಶಾಲೆಯ ಮುಖವನ್ನೇ ನೋಡದ ಕಾರಣದಿಂದ ಹಾಗಾದವರು ಬಹಳ. ಆದರೆ ಶಾಲೆಗೆ ನಾಲ್ಕಾರು ವರ್ಷ ಹೋಗಿ, ಪೆಟ್ಟು ತಿಂದು, ದಡ್ಡನೆನಿಸಿಕೊಂಡು ಹೊರಬಿದ್ದವರೂ ಅವರಲ್ಲಿ ಇಲ್ಲದಿಲ್ಲ. ಅವರ ಬುದ್ಧಿಗೆ ಕೊರತೆಯಿತ್ತೆಂದು ಯಾರು ಹೇಳಬಲ್ಲರು?

ಗುರುತಿಸುವ ಬಗೆ

ಅಂಗನವಾಡಿಯ ವಯಸ್ಸಿನಲ್ಲಿ ಮಾತು ತಡವಾಗಿ ಬರುವುದು, ಪ್ರಾಸದ ಪದಗಳನ್ನು ಗುರುತಿಸಲಾರದಿರುವುದು, ದಿನನಿತ್ಯದ ವಸ್ತುಗಳ ಹೆಸರು ಬೇಗನೆ ನೆನಪಿಗೆ ಬಾರದಿರುವುದು ಮೊದಲ ಸೂಚನೆಗಳು. ಶಾಲೆಗೆ ಸೇರಿದ ಮೇಲೆ ನಿನ್ನೆ ಕಲಿತ ಅಕ್ಷರ ಇಂದಿಗೆ ಹೊಸದಾಗುವುದು. ಪದದ ಮೊದಲಕ್ಷರವನ್ನು ಕಂಡು ಉಳಿದುದನ್ನು ಊಹೆಯಿಂದ ಹೇಳುವುದು. ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಹಾರುವುದು. ಎಡ ಬಲ, ನಿನ್ನೆ ನಾಳೆಗಳನ್ನು ಅದಲುಬದಲು ಮಾಡುವುದು. ವಾರದ ದಿನಗಳನ್ನು ಕ್ರಮವಾಗಿ ಹೇಳಲಾರದಿರುವುದು. ಬಾಯಲ್ಲಿ ಹೇಳಿದ ಕಥೆಯನ್ನು ಚೆನ್ನಾಗಿ ತಿಳಿದುಕೊಂಡರೂ ಅದೇ ಕಥೆಯನ್ನು ಪುಸ್ತಕದಲ್ಲಿ ಓದಲಾರದಿರುವುದು. ಇವುಗಳಲ್ಲಿ ಒಂದೆರಡು ಎಲ್ಲ ಮಕ್ಕಳಲ್ಲಿಯೂ ಒಂದು ವಯಸ್ಸಿನಲ್ಲಿ ಕಾಣಬಹುದು. ಬಹುಪಾಲು ಕೂಡಿ ಬಂದು, ವರ್ಷ ಕಳೆದರೂ ಹೋಗದಿದ್ದರೆ ಮಾತ್ರ ಯೋಚಿಸಬೇಕು. ಎಲ್ಲಕ್ಕೂ ಮೊದಲು ಕಣ್ಣಿನ ಮತ್ತು ಕಿವಿಯ ಪರೀಕ್ಷೆ ಮಾಡಿಸತಕ್ಕದ್ದು. ಕನ್ನಡಕದಿಂದ ಸರಿಹೋಗುವ ತೊಂದರೆಗೆ ಬೇರೆ ಹೆಸರಿಡುವುದು ಸಲ್ಲದು.

ಕನ್ನಡ ಲಿಪಿಯ ವಿಶೇಷ

ಡಿಸ್ಲೆಕ್ಸಿಯಾ ಇಂಗ್ಲಿಷಿನವರ ತೊಂದರೆ, ಹೇಳಿದಂತೆ ಬರೆಯುವ ನಮ್ಮ ಭಾಷೆಯಲ್ಲಿ ಅದಕ್ಕೆ ಎಡೆಯೆಲ್ಲಿ ಎಂದು ಕೆಲವರು ವಾದಿಸುವುದುಂಟು. ಇದು ಸರಿಯಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಎಸ್. ರಮಾ ಅವರು ಎಂ. ಎಸ್. ಲಲಿತಮ್ಮ ಮತ್ತು ವೇಲ್ಸ್ ದೇಶದ ಟಿ. ಆರ್. ಮೈಲ್ಸ್ ಎಂಬವರೊಡನೆ 1993ರಲ್ಲಿ ಪ್ರಕಟಿಸಿದ ಪ್ರಬಂಧವು ಕನ್ನಡ ಓದುವ ಮಕ್ಕಳಲ್ಲಿಯೂ ಈ ತೊಡಕು ಇರುವುದನ್ನೂ, ಅದು ಚಿಹ್ನೆಗಳನ್ನು ನಿಭಾಯಿಸುವುದರಲ್ಲಿರುವ ತೊಡಕೆಂಬುದನ್ನೂ ವಿವರಿಸಿತು. ತರುವಾಯ ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಆರಂಭದ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇನ್ನೊಂದು ಸಂಗತಿ ತಿಳಿದುಬಂತು. ನಮ್ಮ ಅಕ್ಷರಗಳನ್ನೆಲ್ಲ ಕೈವಶ ಮಾಡಿಕೊಳ್ಳಲು ಸಾಮಾನ್ಯ ಮಕ್ಕಳಿಗೇ ಮೂರು ನಾಲ್ಕು ತರಗತಿಗಳ ಕಾಲ ಹಿಡಿಯುತ್ತದೆ. ಆದಕಾರಣ ಒಂದನೆಯ ತರಗತಿಯ ಕೊನೆಗೆ ಮಗು ಪತ್ರಿಕೆ ಓದಲಿಲ್ಲವೆಂದು ಗಾಬರಿಯಾಗಬೇಕಾಗಿಲ್ಲ.

ಇಷ್ಟು ಕಾಲ ಏಕೆ ಹಿಡಿಯುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ವರ್ಣಮಾಲೆಯಲ್ಲಿ ಇರುವುವು 49 ಅಕ್ಷರಗಳೇ ಆದರೂ, 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ 442 ರೂಪಗಳಾದುವು. ಇದರ ಮೇಲೆ ಒತ್ತಕ್ಷರಗಳು ಬೇರೆ. ಬ ಭ, ದ ಧ, ಪ ಷ ಫ ಮುಂತಾದ ಅಕ್ಷರಗಳಿಗೆ ಒಂದು ಗೆರೆಯ ವ್ಯತ್ಯಾಸ ಮಾತ್ರ. ‘ವು’ ಮತ್ತು ‘ಮ’ಗಳನ್ನು ಬೇರೆಬೇರೆಯೆಂದು ಕಾಣುವುದಕ್ಕೆ ನುರಿತ ಕಣ್ಣು ಬೇಕು. ‘ಅಕ್ಕ’ ಎನ್ನುವಾಗ ಕಿವಿಗೆ ‘ಅಕ್’ ಮತ್ತು ‘ಕ’ ಎಂದು ಒಡೆದು ಕೇಳುತ್ತದೆ. ಕಣ್ಣಿಗಾದರೋ ‘ಅ’ ಮತ್ತು ‘ಕ್ಕ’ ಎಂದು ಒಡೆದು ಕಾಣುತ್ತದೆ. ‘ಸೂರ್ಯ’ ಎನ್ನುವಾಗ ನಾಲಿಗೆ ‘ರ್’ ಎಂಬುದನ್ನು ಮೊದಲು ನುಡಿಯುತ್ತದೆ, ಕೈ ಅದನ್ನು ಅರ್ಕಾವೊತ್ತಾಗಿ ‘ಯ’ದ ಬಳಿಕ ಬರೆಯುತ್ತದೆ. ನಮಗೆ ಇದು ರೂಢಿಯಾಗಿ ಹೋಗಿದೆ. ಧ್ವನಿಯ ಕ್ರಮವನ್ನು ಹಿಡಿಯುವುದೇ ಕಷ್ಟವಾದ ಮಗುವಿಗೆ ಇಲ್ಲಿ ಎಡವುವುದು ಸಹಜವಷ್ಟೆ.

ಪರಸ್ಥಳದಲ್ಲಿರುವ ನಮ್ಮ ಮಕ್ಕಳಿಗೆ ಹೊರೆ ಇನ್ನೂ ಹೆಚ್ಚು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖ್ಖನಿ, ಶಾಲೆಯಲ್ಲಿ ಇಂಗ್ಲಿಷು. ತೆಲಂಗಾಣದಲ್ಲಿ 2018ರ ಕಾಯಿದೆಯಂತೆ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯವಾಗಿ ಕಲಿಸಬೇಕಾಗಿದೆ. ಹೀಗಿರಲು ಮನೆಯವರು ಮಾಡತಕ್ಕದ್ದೇನು? ಅನೇಕ ಭಾಷೆ ಕೇಳುವುದರಿಂದ ಈ ತೊಡಕು ಹುಟ್ಟುವುದಿಲ್ಲ; ಆದುದರಿಂದ ಮನೆಯ ಕನ್ನಡವನ್ನು ಬಿಟ್ಟುಬಿಡುವುದು ಪರಿಹಾರವಲ್ಲ. ಮಗು ಚೆನ್ನಾಗಿ ಆಡಬಲ್ಲ ಭಾಷೆಯಲ್ಲಿಯೇ ಧ್ವನಿಯ ಆಟಗಳು ಮೊದಲಾಗಲಿ. ಅಕ್ಷರಗಳ ವಿಷಯದಲ್ಲಾದರೋ, ಏಕಕಾಲಕ್ಕೆ ಎರಡು ಹೊಸ ಲಿಪಿಗಳನ್ನು ಮನೆಪಾಠದಲ್ಲಿ ತುರುಕಬಾರದು. ಶಾಲೆಯಲ್ಲಿ ತೆಲುಗು ಬರೆಸುತ್ತಿದ್ದರೆ ಅದನ್ನು ಮೊದಲು ಗಟ್ಟಿಮಾಡಿ, ಕನ್ನಡಕ್ಕೆ ಆಮೇಲೆ ಬಂದರೂ ನಷ್ಟವಿಲ್ಲ. ಎರಡೂ ಒಂದೇ ತಾಯಿಯ ಮಕ್ಕಳಂತಿರುವ ಲಿಪಿಗಳು. ಗ, ಜ, ದ, ನ, ಬ, ರ, ಲ ಮುಂತಾದುವು ಬಹುಮಟ್ಟಿಗೆ ಒಂದೇ. ಕ, ತ, ಶ ಮುಂತಾಗಿ ಬೇರೆಯಾಗುವುವನ್ನು ಮಾತ್ರ ಪ್ರತ್ಯೇಕವಾಗಿ, ನಿಧಾನವಾಗಿ ತಿದ್ದಿಸಬೇಕು.

ಮೊದಲು ಕಿವಿ, ಆಮೇಲೆ ಕಣ್ಣು

ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರು 1925ರಿಂದ ಈ ಮಕ್ಕಳನ್ನು ಪರೀಕ್ಷಿಸತೊಡಗಿದರು. ಅವರೊಡನೆ ಕೆಲಸ ಮಾಡಿದ ಅನ್ನಾ ಗಿಲ್ಲಿಂಗ್‌ಹ್ಯಾಮ್ ಎಂಬ ಉಪಾಧ್ಯಾಯಿನಿ 1930ರ ದಶಕದಲ್ಲಿ ಒಂದು ಬೋಧನ ಕ್ರಮವನ್ನು ಸಿದ್ಧಪಡಿಸಿದರು. ಅದರ ಸಾರವಿಷ್ಟೆ: ಕಣ್ಣು, ಕಿವಿ, ಕೈ, ಬಾಯಿ ಈ ನಾಲ್ಕೂ ಒಟ್ಟಿಗೆ ದುಡಿಯಬೇಕು, ಸುಲಭದಿಂದ ಕಠಿಣಕ್ಕೆ ಒಂದೊಂದೇ ಮೆಟ್ಟಿಲಾಗಿ ಏರಬೇಕು, ಹಿಂದಿನ ಪಾಠ ಗಟ್ಟಿಯಾಗದೆ ಮುಂದಿನದಕ್ಕೆ ಹೋಗಕೂಡದು. ನಮ್ಮ ಹಿರಿಯರು ಐಗಳ ಮಠದಲ್ಲಿ ಮರಳು ಹರಡಿ, ಬೆರಳಿನಿಂದ ಅಕ್ಷರ ತಿದ್ದಿಸುತ್ತ, ಅದರ ಹೆಸರನ್ನು ಗಟ್ಟಿಯಾಗಿ ಕೂಗಿಸುತ್ತಿದ್ದುದು ಇದಕ್ಕೆ ಹತ್ತಿರವಾದ ಪದ್ಧತಿಯೇ. ಅಲ್ಲಿಯ ಬೆತ್ತವನ್ನು ಬಿಟ್ಟು ಮರಳನ್ನು ಉಳಿಸಿಕೊಂಡರೆ ಸಾಕು.

ಅಕ್ಷರಕ್ಕೆ ಮುಂಚೆ ಕಿವಿಯನ್ನು ಪಳಗಿಸಬೇಕು. ಇದಕ್ಕೆ ಪುಸ್ತಕ ಬೇಡ. ‘ದೋಸೆ’ ಎಂದು ಎರಡು ಚಪ್ಪಾಳೆ, ‘ಉಪ್ಪಿಟ್ಟು’ ಎಂದು ಮೂರು ಚಪ್ಪಾಳೆ ತಟ್ಟಿಸಿರಿ. ‘ದೋಸೆಯಲ್ಲಿ ದೋ ಹೋದರೆ ಏನುಳಿಯಿತು?’ ಎಂದು ಕೇಳಿರಿ. ‘ವಡೆ’ಯ ‘ವ’ ತೆಗೆದು ‘ಜ’ ಇಟ್ಟರೆ ‘ಜಡೆ’, ‘ಕ’ ಇಟ್ಟರೆ ‘ಕಡೆ’, ‘ನ’ ಇಟ್ಟರೆ ‘ನಡೆ’. ಪದವೆಂಬುದು ಬಿಚ್ಚಿ ಕೂಡಿಸಬಹುದಾದ ವಸ್ತುವೆಂದು ಮಗುವಿಗೆ ತಿಳಿಯುವುದೇ ಓದಿನ ಅಡಿಗಲ್ಲು. ತಂದೆ ಹೈದರಾಬಾದಿನಲ್ಲಿದ್ದು ಮನೆಯವರು ಕುಂದಾಪುರದಲ್ಲಿಯೋ ಕಲಬುರಗಿಯಲ್ಲಿಯೋ ಇದ್ದರೆ ಈ ಆಟವನ್ನು ಫೋನಿನಲ್ಲಿಯೂ ಆಡಬಹುದು.

ತರುವಾಯ ಅಕ್ಷರಗಳು. ಅ ಆ ಇ ಈ ಎಂದು ಮಾಲೆಯ ಕ್ರಮದಲ್ಲಿಯೇ ಕಲಿಸಬೇಕೆಂಬ ಹಟ ಬೇಡ. ಕರ್ನಾಟಕದ ಪಠ್ಯಪುಸ್ತಕಗಳು ಬಹುಕಾಲದಿಂದ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸಿವೆ. ಆಕಾರ ಸುಲಭ, ಐದರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮೊದಲ ವಾರದಲ್ಲಿಯೇ ‘ನಾನು ಓದಿದೆ’ ಎಂಬ ಸಂತೋಷ ಮಗುವಿಗೆ ದೊರೆಯುತ್ತದೆ. ಸೋತು ಸೋತು ಪುಸ್ತಕವನ್ನೇ ದ್ವೇಷಿಸುವ ಮಗುವಿಗೆ ಈ ಸಂತೋಷವೇ ಅರ್ಧ ಔಷಧ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ ಕಲಿ’ ಪದ್ಧತಿಯು ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಏರುವಂತೆ ಏರ್ಪಾಡು ಮಾಡಿದ್ದೂ ಇದೇ ತತ್ತ್ವದಿಂದ.

ತಟ್ಟೆಯಲ್ಲಿ ಅಕ್ಕಿಹಿಟ್ಟನ್ನೋ ರವೆಯನ್ನೋ ತೆಳ್ಳಗೆ ಹರಡಿ, ಮಗುವಿನ ತೋರುಬೆರಳಿನಿಂದ ‘ರ’ ಬರೆಸಿರಿ. ಬರೆಯುತ್ತಲೇ ‘ರ’ ಎಂದು ಹೇಳಲಿ. ಐದು ಸಲವಾದ ಮೇಲೆ ಹಲಗೆ, ಅದರ ಮೇಲೆ ಪುಸ್ತಕ. ದಿನಕ್ಕೆ ಒಂದಕ್ಷರಕ್ಕಿಂತ ಹೆಚ್ಚು ಬೇಡ; ಬ ಮತ್ತು ಭ, ದ ಮತ್ತು ಧ ಇಂಥ ಜೋಡಿಗಳನ್ನು ಒಂದೇ ವಾರದಲ್ಲಿ ಕಲಿಸಲೇಬೇಡಿ. ಒಂದು ಊರಿದ ಮೇಲೆ ಇನ್ನೊಂದು ಬರಲಿ.

ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ಬಾಯಿಪಾಠ ಮಾಡಿಸಿದರೆ ಈ ಮಕ್ಕಳು ಹಾಡಿನಂತೆ ಒಪ್ಪಿಸಿಯಾರು, ನಡುವೆ ಒಂದನ್ನು ತೋರಿಸಿದರೆ ಹೇಳಲಾರರು. ಅದರ ಬದಲು ಒಂದೇ ಗುರುತನ್ನು ಹಿಡಿದು ಹಲವು ವ್ಯಂಜನಗಳಿಗೆ ಹಚ್ಚಿಸಿರಿ. ದೀರ್ಘದ ಗುರುತನ್ನು ರ, ಗ, ಸ, ದಗಳಿಗೆ ಹಚ್ಚಿದರೆ ರಾಗ, ದಾರ, ಸಾಗರ ಎಂಬ ಪದಗಳು ಬಂದುವು. ಅದು ಗಟ್ಟಿಯಾದ ಮೇಲೆ ಗುಡಿಸು, ಆಮೇಲೆ ಕೊಂಬು. ಒತ್ತಕ್ಷರಗಳಲ್ಲಿ ಕ್ಕ, ಗ್ಗ, ದ್ದ ಮುಂತಾದುವಕ್ಕೆ ಮೂಲ ಅಕ್ಷರದ ತಲೆಕಟ್ಟನ್ನು ತೆಗೆದ ಆಕಾರವೇ ಇರುವುದರಿಂದ ಅವು ಮೊದಲು. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲಕ್ಕಿಂತ ಬೇರೆಯೇ ಆಕಾರದವು. ಇವನ್ನು ಆರು ಹೊಸ ಅಕ್ಷರಗಳೆಂದೇ ಭಾವಿಸಿ, ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಎಂಬ ಮನೆಯ ಪದಗಳಿಂದ ಕಲಿಸಬಹುದು. ಅರ್ಕಾವೊತ್ತು ಎಲ್ಲಕ್ಕೂ ಕೊನೆಗೆ ಬರಲಿ.

ಓದಿಸುವಾಗ ಒಂದು ಸಾಲಿನ ಕೆಳಗೆ ಕಾಗದದ ಪಟ್ಟಿಯನ್ನಿಟ್ಟರೆ ಸಾಲು ತಪ್ಪುವುದಿಲ್ಲ. ದೊಡ್ಡ ಅಕ್ಷರದ ಪುಸ್ತಕ ಲೇಸು. ತಪ್ಪು ಓದಿದಾಗ ‘ಅಲ್ಲ!’ ಎಂದು ಗದರುವ ಬದಲು ಆ ಅಕ್ಷರದ ಮೇಲೆ ಬೆರಳಿಟ್ಟು ಸುಮ್ಮನಿರಿ. ಮಗು ತಾನೇ ತಿದ್ದಿಕೊಳ್ಳಲು ಎರಡು ನಿಮಿಷ ಕೊಡಿರಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ದಿನ ತಪ್ಪಬಾರದು. ಭಾನುವಾರ ಮೂರು ತಾಸು ಕೂಡಿಸಿ ಉಳಿದ ಆರು ದಿನ ಬಿಡುವುದರಿಂದ ಪ್ರಯೋಜನವಿಲ್ಲ. ರಾತ್ರಿ ಮಲಗುವಾಗ ನೀವೇ ಒಂದು ಕಥೆಯನ್ನು ಓದಿ ಹೇಳಿರಿ. ಅವನ ಕೈ ಹಿಂದೆ ಬಿದ್ದರೂ ತಿಳಿವಳಿಕೆ ಹಿಂದೆ ಬೀಳಬಾರದು.

ಲೆಕ್ಕದ ಪಾಠ

ಇನ್ನು ಅಂಕಗಣಿತ. ಪರ್ಸಿಯಂತೆ ಲೆಕ್ಕದಲ್ಲಿ ಗಟ್ಟಿಗರಾದವರಿದ್ದಂತೆ, ಓದು ಲೆಕ್ಕಗಳೆರಡರಲ್ಲಿಯೂ ತೊಡಕಿರುವ ಮಕ್ಕಳೂ ಇದ್ದಾರೆ. ನಮ್ಮ ದೇಶದ ಪ್ರಾಥಮಿಕ ಶಾಲೆಗಳಲ್ಲಿ ಇಂಥವರನ್ನು ಗುರುತಿಸುವ ಕ್ರಮವನ್ನು ಮೇಲೆ ಹೇಳಿದ ರಮಾ ಅವರೂ ಐ. ಪಿ. ಗೌರಮ್ಮ ಅವರೂ ಕೂಡಿ 2002ರಲ್ಲಿ ಪ್ರಕಟಿಸಿದರು.

ಮೊದಲ ನಿಯಮ, ಅಂಕೆಗೆ ಮುಂಚೆ ವಸ್ತು. ಹತ್ತು ಹುಣಸೆಬೀಜಗಳನ್ನು ಕೊಟ್ಟು ಐದನ್ನು ಎಷ್ಟು ಬಗೆಯಲ್ಲಿ ಒಡೆಯಬಹುದೆಂದು ನೋಡಲಿ: ನಾಲ್ಕು ಒಂದು, ಮೂರು ಎರಡು. ಬೆರಳೆಣಿಕೆಯನ್ನು ಅವಮಾನವೆಂದು ಭಾವಿಸಿ ನಿಲ್ಲಿಸಬೇಡಿರಿ.

ಎರಡನೆಯದು ಸ್ಥಾನಬೆಲೆ. ‘ಮೂವತ್ತನಾಲ್ಕು’ ಬರೆಯೆಂದರೆ ಮಗು 304 ಎಂದು ಬರೆಯುವುದುಂಟು. ಮೂವತ್ತು ಬರೆದು ನಾಲ್ಕು ಬರೆದರೆ ಹಾಗೆಯೇ ಆಗಬೇಕಷ್ಟೆ! ಹತ್ತು ರೂಪಾಯಿಯ ಮೂರು ನೋಟುಗಳನ್ನೂ ಒಂದು ರೂಪಾಯಿಯ ನಾಲ್ಕು ನಾಣ್ಯಗಳನ್ನೂ ಮುಂದಿಟ್ಟು, ನೋಟಿನ ಮನೆ ಎಡಕ್ಕೆ, ನಾಣ್ಯದ ಮನೆ ಬಲಕ್ಕೆ ಎಂದು ತೋರಿಸಿದರೆ 34 ಎಂಬುದು ಕಣ್ಣಿಗೇ ಕಾಣುತ್ತದೆ. ಹತ್ತು ನಾಣ್ಯ ಕೂಡಿದರೆ ಒಂದು ನೋಟು, ಇದೇ ‘ದಶಕ’. ಕಳೆಯುವ ಲೆಕ್ಕದಲ್ಲಿ ನೋಟು ಮುರಿಸಿ ಚಿಲ್ಲರೆ ಪಡೆಯುವುದೇ ‘ಸಾಲ ಪಡೆಯುವುದು’. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಈ ಪಾಠ ಹೇಳಿಕೊಡುವುದು ಏನು ದೊಡ್ಡದು?

ಮೂರನೆಯದು ಎಣಿಕೆಯ ಭಾಷೆ. ಇದರಲ್ಲಿ ಕನ್ನಡದಿಂದ ದೊಡ್ಡ ಅನುಕೂಲವಿದೆ. ಇಂಗ್ಲಿಷಿನ ‘ಥರ್ಟೀನ್’ ಎಂಬ ಮಾತಿನಲ್ಲಿ ಮೂರು ಮೊದಲು, ಹತ್ತು ಆಮೇಲೆ ಕೇಳುತ್ತದೆ. ಮಗು 31 ಎಂದು ಬರೆದರೆ ತಪ್ಪು ಕಿವಿಯದಲ್ಲ. ದಖ್ಖನಿಯಲ್ಲಿ ಇಪ್ಪತ್ತೊಂಬತ್ತಕ್ಕೆ ‘ಉನ್ತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಕನ್ನಡದಲ್ಲಿ ಹದಿಮೂರು, ಇಪ್ಪತ್ತೊಂದು, ಮೂವತ್ತನಾಲ್ಕು ಎಲ್ಲವೂ ಬರೆಯುವ ಕ್ರಮದಲ್ಲಿಯೇ ಕೇಳುತ್ತವೆ. ಆದಕಾರಣ ಇಂಗ್ಲಿಷ್ ಶಾಲೆಯ ಮಗುವಿಗೂ ಮನೆಯಲ್ಲಿ ಎಣಿಕೆಯನ್ನು ಕನ್ನಡದಲ್ಲಿ ಗಟ್ಟಿಮಾಡಿಸುವುದು ಲೇಸು. ತೊಂಬತ್ತು, ಎಂಬತ್ತು, ಒಂಬತ್ತು ಎಂಬಿವು ಕಿವಿಗೆ ಸಮೀಪವಾಗಿರುವುದರಿಂದ ಅಲ್ಲಿ ಮಾತ್ರ ನಿಧಾನಿಸಬೇಕು.

ನಾಲ್ಕನೆಯದು ಮಗ್ಗಿ. ಇಪ್ಪತ್ತರವರೆಗೆ ಮಗ್ಗಿ ಉರುಹೊಡೆಯಲಾರದ ಮಗುವನ್ನು ಮಣೆಯ ಮೇಲೆ ನಿಲ್ಲಿಸಿ ಪ್ರಯೋಜನವಿಲ್ಲ. ಒಂದು ಪ್ಲೇಟಿಗೆ ಎರಡು ಇಡ್ಲಿಯಾದರೆ ಏಳು ಪ್ಲೇಟಿಗೆ ಎಷ್ಟು? ಇದು ಎರಡರ ಮಗ್ಗಿ. ಐದು ರೂಪಾಯಿಯ ನಾಣ್ಯಗಳಿಂದ ಐದರದು, ನೋಟುಗಳಿಂದ ಹತ್ತರದು. ಎರಡರದನ್ನು ಇಮ್ಮಡಿಸಿದರೆ ನಾಲ್ಕರದು, ಅದನ್ನು ಇಮ್ಮಡಿಸಿದರೆ ಎಂಟರದು. ಹತ್ತರದರಿಂದ ಒಂದು ಪಾಲು ಕಳೆದರೆ ಒಂಬತ್ತರದು. ಹೀಗೆ ದಾರಿ ತಿಳಿದವನಿಗೆ ಮರೆವಿನ ಭಯವಿಲ್ಲ. ಒನ್ ಬೈ ಟೂ ಕಾಫಿಯೊಂದು ಸಾಕು, ಅರ್ಧವೆಂಬ ಭಿನ್ನರಾಶಿಯನ್ನು ತಿಳಿಸುವುದಕ್ಕೆ.

ಕೊನೆಯದಾಗಿ, ಮಾತಿನ ಲೆಕ್ಕಗಳನ್ನು ನೀವೇ ಓದಿ ಹೇಳಿರಿ. ಓದಲಾರದೆ ತಪ್ಪಿದ್ದನ್ನು ಲೆಕ್ಕ ಬಾರದೆ ತಪ್ಪಿತೆಂದು ಎಣಿಸಬಾರದು. ಚೌಕದ ಗೆರೆಗಳುಳ್ಳ ನೋಟುಪುಸ್ತಕದಲ್ಲಿ ಒಂದು ಮನೆಗೆ ಒಂದೇ ಅಂಕೆಯಂತೆ ಬರೆಸಿದರೆ ಏಕ ದಶಕಗಳು ಜಾರುವುದಿಲ್ಲ. ಕೂಡುವ ಕಳೆಯುವ ಚಿಹ್ನೆಗಳಿಗೆ ಎರಡು ಬಣ್ಣದ ಪೆನ್ಸಿಲು ಬಳಸಬಹುದು.

ಕಾನೂನಿನ ಆಸರೆ

2007ರ ಡಿಸೆಂಬರಿನಲ್ಲಿ ತೆರೆಕಂಡ ‘ತಾರೇ ಜಮೀನ್ ಪರ್’ ಎಂಬ ಹಿಂದಿ ಚಿತ್ರ ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿತು. ಚಿತ್ರದಲ್ಲಿ ಮೂರು ತಾಸಿನೊಳಗೆ ಆಗುವ ಬದಲಾವಣೆಗೆ ಮನೆಯಲ್ಲಿ ಎರಡು ಮೂರು ವರ್ಷ ಬೇಕಾಗಬಹುದು. ಆ ಕಾಲವನ್ನು ಮಗುವಿಗೆ ದೊರಕಿಸಿಕೊಡುವುದಕ್ಕೆ ಕಾನೂನು ಈಗ ನಮ್ಮ ಕಡೆಗಿದೆ.

1995ರ ಅಂಗವಿಕಲರ ಕಾಯಿದೆಯಲ್ಲಿ ಡಿಸ್ಲೆಕ್ಸಿಯಾಕ್ಕೆ ಸ್ಥಾನವಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಒಪ್ಪಿಕೊಂಡ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಒದಗಿಸುವುದು ಶಾಲೆಗಳ ಕರ್ತವ್ಯವೆಂದು ಆ ಕಾಯಿದೆ ಹೇಳುತ್ತದೆ. ಪ್ರಮಾಣಪತ್ರದ ವಿಷಯದಲ್ಲಿ 2018ರ ಜನವರಿಯ ಕೇಂದ್ರ ಸರ್ಕಾರದ ಮಾರ್ಗದರ್ಶಿಕೆಯು ಮಗುವಿಗೆ ಎಂಟು ವರ್ಷ ತುಂಬಿರಬೇಕೆಂದೂ, 14 ಮತ್ತು 18ನೆಯ ವಯಸ್ಸಿನಲ್ಲಿ ಪುನಃ ಪರೀಕ್ಷೆಯಾಗಬೇಕೆಂದೂ ವಿಧಿಸಿತ್ತು. ಇಂಥ ನಿಯಮಗಳು ಆಗಾಗ ತಿದ್ದುಪಡಿ ಹೊಂದುವುದರಿಂದ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ಪ್ರಮಾಣಪತ್ರಕ್ಕೆ ಎಂಟು ವರ್ಷ ಬೇಕೆಂದು ಪಾಠವನ್ನು ಎಂಟರವರೆಗೆ ತಡೆಯಬೇಕಾಗಿಲ್ಲ ಎಂಬುದನ್ನು ಮರೆಯಬಾರದು.

ಪ್ರಮಾಣಪತ್ರವಿದ್ದವರಿಗೆ ಕೇಂದ್ರೀಯ ಮಂಡಳಿಯ, ಅಂದರೆ ಸಿ. ಬಿ. ಎಸ್. ಇ. ಪರೀಕ್ಷೆಗಳಲ್ಲಿ ಹೆಚ್ಚಿನ ಕಾಲಾವಕಾಶ, ಬರೆದುಕೊಡುವ ಲಿಪಿಕಾರ, ಭಾಷೆಗಳ ಸಂಖ್ಯೆಯಲ್ಲಿ ರಿಯಾಯತಿ ದೊರೆಯುತ್ತವೆ. ತೀರ ಕಷ್ಟವಾದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಒಂದೊಂದೇ ವಿಷಯವಾಗಿ ಪರೀಕ್ಷೆ ಮುಗಿಸುವ ದಾರಿಯೂ ಇದೆ.

ನಮ್ಮ ಊರಿನಲ್ಲಿಯೇ, ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ, 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯೊಂದಿದೆ. ಈಗ ಅದಕ್ಕೆ ರಾಷ್ಟ್ರೀಯ ಬೌದ್ಧಿಕ ದಿವ್ಯಾಂಗಜನ ಸಬಲೀಕರಣ ಸಂಸ್ಥೆಯೆಂದು ಹೆಸರು. ಅದರ ಮುಖ್ಯ ಕೆಲಸ ಬುದ್ಧಿಮಾಂದ್ಯವುಳ್ಳವರದಾದರೂ, ಶಾಲೆಯ ಪಾಠದಲ್ಲಿ ಹಿಂದುಳಿದ ಮಗು ನಿಜವಾಗಿ ಯಾವ ತರಗತಿಯ ಮಟ್ಟದಲ್ಲಿದೆಯೆಂದು ಅಳೆಯುವ ಸಾಧನವೊಂದನ್ನು ಅಲ್ಲಿಯ ಜಯಂತಿ ನಾರಾಯಣ್ ಅವರು 1997ರಲ್ಲಿ ಸಿದ್ಧಪಡಿಸಿದರು. ಅದರ ಹಿಂದಿರುವ ವಿವೇಕ ಪ್ರತಿಯೊಬ್ಬ ತಂದೆತಾಯಿಗೂ ಬೇಕಾದದ್ದು. ಮಗು ಮೂರನೆಯ ತರಗತಿಯ ಬೆಂಚಿನ ಮೇಲೆ ಕುಳಿತಿದ್ದರೂ ಓದು ಒಂದನೆಯದರಲ್ಲಿದ್ದರೆ ಪಾಠವನ್ನು ಒಂದನೆಯದರಿಂದಲೇ ಮೊದಲುಮಾಡಬೇಕು.

ನಮ್ಮವರು ಮಾಡತಕ್ಕದ್ದು

ಹುಡುಗನನ್ನು ಹೋಟೆಲಿಗೆ ಸೇರಿಸುವ ಮಾತನ್ನು ಮೊದಲಿಗೇ ಎತ್ತಿದೆವಷ್ಟೆ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯಿಂದ ಕಾನೂನು ಇನ್ನೂ ಬಿಗಿಯಾಯಿತು. ಆದರೆ ಕಾನೂನಿನ ಭಯದಿಂದ ಮಾತ್ರ ಬಿಡಬೇಕಾದ ಕೆಲಸ ಇದಲ್ಲ. ಹೋಟೆಲಿನ ಉದ್ಯೋಗ ಮಾನದ ಉದ್ಯೋಗ. ಈ ಲೇಖಕನೂ ಅದರ ಅನ್ನವನ್ನೇ ಉಂಡವನು. ಆದರೆ ಅಲ್ಲಿಗೆ ಬರುವ ಹುಡುಗ ತಾನು ದಡ್ಡನೆಂಬ ಹಣೆಪಟ್ಟಿ ಕಟ್ಟಿಕೊಂಡು ಬರಬಾರದು. ಓದು ಬಲ್ಲವನು ಇಂದಿನ ಕ್ಲೀನರು ನಾಳೆಯ ಮ್ಯಾನೇಜರಾದಾನು. ಓದು ಬಾರದವನಿಗೆ ಸಂಬಳದ ಚೀಟಿಯನ್ನೂ ಬೇರೆಯವರೇ ಓದಿ ಹೇಳಬೇಕಾಗುತ್ತದೆ.

ಹೋಟೆಲಿನ ಧಣಿಗಳಲ್ಲಿ ಒಂದು ವಿಜ್ಞಾಪನೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಮೊದಲಾಗುವ ನಡುವೆ ಕೆಲಸ ಇಳಿದಿರುವ ಹೊತ್ತಿನಲ್ಲಿ, ಇಂಥ ಮಗುವುಳ್ಳ ನೌಕರನಿಗೆ ಮನೆಗೆ ಹೋಗಿಬರಲೋ ಊರಿಗೆ ಫೋನು ಮಾಡಲೋ ಅರ್ಧ ತಾಸಿನ ಬಿಡುವು ಕೊಟ್ಟರೆ ವ್ಯಾಪಾರಕ್ಕೆ ನಷ್ಟವಾಗದು. ಗುಮಾಸ್ತರಲ್ಲಿ ಇನ್ನೊಂದು. ಆಸ್ಪತ್ರೆಯ ಫಾರಂ ತುಂಬುವುದು, ಶಾಲೆಯ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯುವುದು ನಿಮಗೆ ಹತ್ತು ನಿಮಿಷದ ಕೆಲಸ. ಪಕ್ಕದ ಕೋಣೆಯ ಭಟ್ಟರಿಗೆ ಅದು ಬೆಟ್ಟ. ಬರೆದುಕೊಡಿರಿ. ತಾಯಂದಿರಲ್ಲಿ ಹೇಳತಕ್ಕದ್ದಿಷ್ಟೆ: ನಿಮಗೆ ಹೆಚ್ಚು ಓದು ಬಾರದಿದ್ದರೂ ರವೆಯ ತಟ್ಟೆ, ಹುಣಸೆಬೀಜ, ಮನೆಯ ಮಾತು ಇವು ನಿಮ್ಮ ಕೈಯಲ್ಲಿವೆ. ಪಕ್ಕದ ಮನೆಯ ಮಗುವಿನ ಅಂಕಗಳೊಡನೆ ಹೋಲಿಸದೆ, ಈ ತಿಂಗಳು ನಿಮ್ಮ ಮಗು ಕಳೆದ ತಿಂಗಳಿಗಿಂತ ಎಷ್ಟು ಪದ ಹೆಚ್ಚು ಓದಿತೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಲೆಕ್ಕವೇ ನಿಮಗೂ ಮಗುವಿಗೂ ಧೈರ್ಯ ಕೊಡುತ್ತದೆ.

ಪಾಠವನ್ನು ಇಂದು ಸಂಜೆಯೇ ಮೊದಲುಮಾಡಬಹುದು. ‘ರ’ ಎಂಬ ಒಂದಕ್ಷರ ಸಾಕು.